ಹೆಜಮಾಡಿ ಟೋಲಲ್ಲಿ 40 ಸೆಕೆಂಡು ಸಿಕ್ಕಿದ ದೋಸ್ತಿ

ಬಿಜೈ ರೂಮಿನವ
ಜುಲೈ, ಭಾನುವಾರ ರಾತ್ರಿ 10.20

ಮೊದಲ ಸಲ ಬರೀತಾ ಇದ್ದೇನೆ, ಉದ್ದ ಆದ್ರೆ ಬೈಬೇಡಿ.

ನನಗೆ 41. ಮಂಗಳೂರಲ್ಲಿ ಲೆಕ್ಕಪತ್ರದ ಕೆಲಸ. ದೋಸ್ತಿ ಉಡುಪಿಯಲ್ಲಿ ಬ್ಯಾಟರಿ, ಇನ್ವರ್ಟರ್ ಅಂಗಡಿ ಇಟ್ಟಿದ್ದಾನೆ. 2006ರಿಂದ 2011ರವರೆಗೆ ಮಂಗಳೂರಿನ ಬಿಜೈಯಲ್ಲಿ ನಾವಿಬ್ರೂ ಒಂದೇ ರೂಮು. ಕುಕ್ಕರ್ ಒಂದು, ಬೈಕ್ ಒಂದು, ಮಳೆಗಾಲಕ್ಕೆ ಕೊಡೆಯೂ ಒಂದೇ. ನನ್ನ ಅಪ್ಪ ತೀರಿಕೊಂಡಾಗ ಮೂರು ದಿನ ತನ್ನ ಮನೆಗೆ ಹೋಗದೆ ನಮ್ಮಲ್ಲೇ ಇದ್ದು, ಬಂದವರಿಗೆಲ್ಲ ಚಾ ಕೊಟ್ಟವ ಅವ.

ಈಗ ನೋಡಿ. ಹೋದ ಒಂದು ವರ್ಷದಲ್ಲಿ ನಾವು ಮುಖ ನೋಡಿದ್ದು ಮೂರು ಸಲ. ಒಮ್ಮೆ ಮದುವೆ ಹಾಲಿನ ಬಫೆ ಸಾಲಲ್ಲಿ, ಇಬ್ಬರ ಕೈಯಲ್ಲೂ ತಟ್ಟೆ. ಒಮ್ಮೆ ಒಂದು ಬೊಜ್ಜದಲ್ಲಿ, ಅಂದ್ರೆ ಉತ್ತರಕ್ರಿಯೆಯ ಊಟದಲ್ಲಿ. ಮೂರನೆಯದ್ದು ಹೋದ ತಿಂಗಳು, ಮಂಗಳೂರು-ಉಡುಪಿ ದಾರಿಯ ಹೆಜಮಾಡಿ ಟೋಲಲ್ಲಿ.

ಜೋರು ಮಳೆ. ನಾನು ಮಂಗಳೂರಿಗೆ ವಾಪಸ್ ಬರ್ತಾ ಇದ್ದೆ. ಪಕ್ಕದ ಲೇನಲ್ಲಿ ಯಾರೋ ಎರಡು ಸಲ ಸಣ್ಣ ಹಾರ್ನ್ ಹೊಡೆದ್ರು. ನೋಡಿದ್ರೆ ಇವ. ಗ್ಲಾಸ್ ಇಳಿಸಿದ. ನಾನೂ ಇಳಿಸಿದೆ, ಎಡಗೈ ಮೊಣಗಂಟಿನವರೆಗೆ ಒದ್ದೆ. "ಎಂತ ಮಾರಾಯ, ಎಲ್ಲಿಗೆ?" "ಕುಡ್ಲಕ್ಕೆ. ನೀ?" "ನಾನೂ ಅಲ್ಲಿಗೇ." "ಸಪೂರ ಆಗಿದ್ದಿಯಲ್ಲ?" ಅಷ್ಟರಲ್ಲಿ ಅವನ ಗೇಟ್ ಮೇಲೆ ಹೋಯ್ತು, ಹಿಂದಿನವ ಹಾರ್ನ್ ಒತ್ತಿದ. "ಸಿಗುವ" ಅಂತ ಹೇಳಿ ಹೋದ. ಎಲ್ಲಾ ಸೇರಿ 40 ಸೆಕೆಂಡ್ ಆಗಿರಬಹುದು.

ಮನೆಗೆ ಬಂದು ಅವನೊಟ್ಟಿಗಿನ ವಾಟ್ಸಾಪಲ್ಲಿ "ಸಿಗುವ" ಅಂತ ಹುಡುಕಿದೆ. ಎರಡು ವರ್ಷದಲ್ಲಿ 17 ಸಲ ಉಂಟು. ಅವ ಮಂಗಳೂರಿಗೆ ಬಂದು ನನಗೆ ಒಂದು ಫೋನ್ ಕೂಡ ಮಾಡದೆ ವಾಪಸ್ ಹೋಗಿದ್ದಾನೆ. ಅದೇ ನನಗೆ ಬೇಜಾರು. ನಾನೇ ಎಷ್ಟು ಸಲ ಮೇಲೆ ಬಿದ್ದು ಮಾತಾಡುವುದು? ನಿಮಗೆಲ್ಲ ಹೀಗೆ ಆಗಿದೆಯಾ? ಎಂತ ಮಾಡಿದ್ರಿ?

---

ಗಡ್‌ಬಡ್
ರಾತ್ರಿ 10.41

ನಡುವಲ್ಲಿ ಮೂಲ್ಕಿ ಉಂಟು. ಅವರು ಅಲ್ಲಿಂದ ಅರ್ಧ ಬರ್ಲಿ, ನೀವು ಇಲ್ಲಿಂದ ಅರ್ಧ ಹೋಗಿ. ಟೋಲ್ ಯಾರಿಗೆ ಬೀಳ್ತದೆ ಅಂತ ಮಾತ್ರ ಮೊದಲೇ ಮಾತಾಡಿಕೊಳ್ಳಿ.

---

ರಥಬೀದಿ ಅಕ್ಕ
ರಾತ್ರಿ 10.58

ಒಂದು ಪ್ರಶ್ನೆ. ನೀವು ಟೋಲಲ್ಲಿ ಮಂಗಳೂರಿಗೆ ವಾಪಸ್ ಬರ್ತಾ ಇದ್ರಿ ಅಂತ ಬರೆದಿದ್ದೀರಿ. ಅಂದ್ರೆ ಉಡುಪಿ ಕಡೆ ಹೋಗಿದ್ದಿರಿ. ಹೋದದ್ದು ಅವರಿಗೆ ಹೇಳಿದ್ರಾ?

---

ಬಿಜೈ ರೂಮಿನವ
ರಾತ್ರಿ 11.05

ಇಲ್ಲ ಅಕ್ಕ. ಉಡುಪಿಯಲ್ಲಿ ಅರ್ಧ ದಿನದ ಕೆಲಸ ಇತ್ತು. ಅವ ಅಂಗಡಿಯಲ್ಲಿ ಬಿಜಿ ಇರ್ತಾನೆ ಅಂತ ಹೇಳ್ಲಿಲ್ಲ.

---

ಗಡ್‌ಬಡ್
ರಾತ್ರಿ 11.06

😂 ಅವರೂ ಬೇರೆ ಎಲ್ಲೋ ಇದನ್ನೇ ಬರೀತಾ ಇರಬಹುದು.

---

ಮೂರನೇ ಬೆಂಚ್
ಸೋಮವಾರ ಬೆಳಿಗ್ಗೆ 7.30

ಇದರ ಬಗ್ಗೆ ಓದಿದ್ದು ಸ್ವಲ್ಪ ಉಂಟು, ಹೇಳ್ತೇನೆ. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಹೊಸ ಊರಿಗೆ ಬಂದವರನ್ನು, ಕಾಲೇಜಿಗೆ ಹೊಸತಾಗಿ ಸೇರಿದವರನ್ನು ಕೇಳಿ ಹಾಕಿದ ಲೆಕ್ಕ. ಮುಖ ಪರಿಚಯದವ ಸಾಧಾರಣ ದೋಸ್ತಿ ಆಗ್ಲಿಕ್ಕೆ ಒಟ್ಟಿಗೆ ಸುಮಾರು 50 ಗಂಟೆ ಬೇಕು, ಸರಿಯಾದ ದೋಸ್ತಿ ಆಗ್ಲಿಕ್ಕೆ 90, ಜೀವದ ದೋಸ್ತಿ ಆಗ್ಲಿಕ್ಕೆ 200ಕ್ಕಿಂತ ಮೇಲೆ. ಆಫೀಸಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ಕಳೆದ ಗಂಟೆಗಳಿಂದ ದೊಡ್ಡ ಲಾಭ ಇಲ್ಲವಂತೆ. ಕೆಲಸ ಬಿಟ್ಟು ಸುಮ್ಮನೆ ಒಟ್ಟಿಗೆ ಇದ್ದದ್ದೇ ಲೆಕ್ಕಕ್ಕೆ ಬರುವುದು.

ಶಾಲೆಯಲ್ಲಿ ದಿನಕ್ಕೆ 6 ಗಂಟೆ ಹಿಡಿದ್ರೆ 200 ಗಂಟೆ ಒಂದೂವರೆ ತಿಂಗಳೊಳಗೆ ಮುಗೀತದೆ. ಈಗ ತಿಂಗಳಿಗೆ ಒಮ್ಮೆ ಮೂರು ಗಂಟೆ ಸಿಕ್ಕಿದ್ರೆ ವರ್ಷಕ್ಕೆ 36. ನಲವತ್ತು ದಾಟಿದ ಮೇಲೆ ಹೊಸ ಜೀವದ ದೋಸ್ತಿ ಯಾಕೆ ಸಿಗುವುದಿಲ್ಲ ಅಂತ ಇದರಲ್ಲೇ ಗೊತ್ತಾಗ್ತದೆ. ನಿಮಗೆ ಇರುವವ ರೆಡಿಮೇಡ್. ಐದು ವರ್ಷ ಒಂದೇ ರೂಮು ಅಂದ್ರೆ ಎಷ್ಟು ಸಾವಿರ ಗಂಟೆ ಆಯ್ತು ನೋಡಿ. ಆ ಬಂಡವಾಳ ಬಿಟ್ಟು ಕೂರಬೇಡಿ.

---

ಬಂದರು ಬದಿ
ಸೋಮವಾರ ಮಧ್ಯಾಹ್ನ 1.15

ನಾನು ಮಲ್ಪೆಯವ, ಬೋಟ್ ಕೆಲಸ. ನಮಗೆ ಗಂಟೆ ಲೆಕ್ಕ ಇಲ್ಲ, ಸೀಸನ್ ಲೆಕ್ಕ. ಆಗಸ್ಟಿಂದ ಮೇ ವರೆಗೆ ಒಂದು ಸಲ ಹೋದ್ರೆ ಎಂಟು ಹತ್ತು ದಿನ ಕಡಲಲ್ಲೇ. ದಡಕ್ಕೆ ಬಂದ್ರೆ ಮೀನು ಇಳಿಸು, ಐಸ್ ತುಂಬು, ಡೀಸೆಲ್ ಹಾಕು, ಪುನಃ ಹೋಗು. ದೋಸ್ತಿ ಬೇರೆ ಬೋಟಲ್ಲಿ. ಅವ ಬರುವಾಗ ನಾನು ಹೋಗಿರ್ತೇನೆ.

ಆದ್ರೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್. 61 ದಿನ. ನಮ್ಮ ದೋಸ್ತಿಗೆ ಸರಕಾರವೇ ಬರೆದು ಕೊಟ್ಟ ರಜೆ ಅದು. ಈಗ ದಿನಾ ಬೆಳಿಗ್ಗೆ ಅವನ ಜಗಲಿಯಲ್ಲಿ ಬಲೆ ಹಾಸಿ ಕೂರುವುದು, ಹರಿದಲ್ಲಿ ಹೆಣೆಯುವುದು. ಒಂದು ಬದಿಯಲ್ಲಿ ಅವ, ಇನ್ನೊಂದು ಬದಿಯಲ್ಲಿ ನಾನು. ಕೆಲವು ದಿನ ಹತ್ತು ಮಾತು ಕೂಡ ಆಗುವುದಿಲ್ಲ. ಹೋದ ವಾರ ಬಲೆ ಮೇಲಿಂದ ಕಣ್ಣು ತೆಗೆಯದೆ, ಹೆಂಡತಿಗೆ ಗರ್ಭಕೋಶದ ಆಪರೇಶನ್ ಹೇಳಿದ್ದಾರೆ ಅಂದ. ಹೋಟೆಲಲ್ಲಿ ಎದುರು ಎದುರು ಕೂತಿದ್ರೆ ಅವ ಅದನ್ನು ಹೇಳ್ತಾ ಇರ್ಲಿಲ್ಲ. ಕೈಗೆ ಕೆಲಸ ಬೇಕು, ಆಗ ಬಾಯಿ ಬಿಡ್ತದೆ.

ಇನ್ನೊಂದು ಕೇಳಬೇಕು, ತಪ್ಪು ತಿಳ್ಕೊಬೇಡಿ. ನಿಮ್ಮ ನಡುವೆ ಲೇವಾದೇವಿ ಏನಾದ್ರೂ ಉಂಟಾ?

---

ಮೂರನೇ ಬೆಂಚ್
ಸೋಮವಾರ ಮಧ್ಯಾಹ್ನ 2.02

ಬಂದರು ಬದಿ ಅಣ್ಣ ಹೇಳಿದ್ದು ನೂರಕ್ಕೆ ನೂರು. ರಾಬಿನ್ ಡನ್‌ಬಾರ್ ಅಂತ ಬ್ರಿಟನ್‌ನ ವಿಜ್ಞಾನಿ, ಮನುಷ್ಯನಿಗೆ ಹೆಚ್ಚೆಂದರೆ 150 ಜನರ ಸಂಬಂಧ ಅಂತ ಹೇಳಿದವರು ಇವರೇ. ಅದರಲ್ಲೂ ತೀರಾ ಹತ್ತಿರದವರು ಐದು ಜನ ಮಾತ್ರವಂತೆ. ಶಾಲೆ ಮುಗಿಸಿ ಊರು ಬಿಟ್ಟ ಮಕ್ಕಳನ್ನು ಅವರೂ ಜೊತೆಯವರೂ ಒಂದೂವರೆ ವರ್ಷ ಗಮನಿಸಿದ್ರು. ಹುಡುಗಿಯರ ಗೆಳೆತನ ಮಾತಿನಿಂದ ಉಳೀತು, ಹುಡುಗರದ್ದು ಒಟ್ಟಿಗೆ ಏನಾದ್ರೂ ಮಾಡಿದ್ರೆ ಮಾತ್ರ ಉಳೀತು ಅಂತ ಕಂಡುಬಂತು. ಗಂಡಸರಿಗೆ ಫೋನ್ ಸಾಕಾಗುವುದಿಲ್ಲ.

---

ರಥಬೀದಿ ಅಕ್ಕ
ಸೋಮವಾರ ಸಂಜೆ 4.30

ಹೆಂಗಸರಿಗೆ ಮಾತು ಸಾಕು ಅಂತ ಇಲ್ಲಿ ತೀರ್ಮಾನ ಮಾಡಬೇಡಿ. ನಮಗೆ ಮಾತಾಡ್ಲಿಕ್ಕೆ ಬರ್ತದೆ, ಮನೆಯಿಂದ ಹೊರಗೆ ಬೀಳ್ಲಿಕ್ಕೆ ಕಾರಣ ಸಿಗುವುದಿಲ್ಲ. ನೀವು "ದೋಸ್ತಿ ಸಿಕ್ಕಿದ" ಅಂದ್ರೆ ಮನೆಯಲ್ಲಿ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ನಾನು ಅಂದ್ರೆ ಮೂರು ಪ್ರಶ್ನೆ. ಯಾರು, ಯಾಕೆ, ರಾತ್ರಿ ಅಡಿಗೆಗೆ ಎಂತ?

ನನ್ನ ಗೆಳತಿ ಮದುವೆ ಆಗಿ ಉಡುಪಿಗೆ ಹೋದಳು. ಮೊದಲ ಎಂಟು ವರ್ಷ ಸಂಪರ್ಕವೇ ಇಲ್ಲ ಅನ್ನುವ ಹಾಗೆ. ಆಮೇಲೆ ನಮ್ಮನ್ನು ಉಳಿಸಿದ್ದು ಚೂಡಿ. ನಮ್ಮ ಕೊಂಕಣಿಯವರಲ್ಲಿ ಶ್ರಾವಣದ ಶುಕ್ರವಾರ, ಭಾನುವಾರ ಚೂಡಿ ಪೂಜೆ ಮಾಡ್ತೇವೆ. ಗರಿಕೆ, ರತ್ನಗಂಧಿ, ಇನ್ನೂ ನಾಲ್ಕೈದು ಬಗೆ ಸೇರಿಸಿ ಬಾಳೆನಾರಿನಲ್ಲಿ ಸಣ್ಣ ಸಣ್ಣ ಗೊಂಚಲು ಕಟ್ಟುವುದು, ದೇವರಿಗೆ ಇಟ್ಟು ಆಮೇಲೆ ಹಿರಿಯರಿಗೆ, ಬೇಕಾದವರಿಗೆ ಕೊಡುವುದು. ಪರವೂರಲ್ಲಿ ಇರುವವರಿಗೆ ಅಂಚೆಯಲ್ಲಿ ಕಳಿಸುವ ಕ್ರಮವೂ ಉಂಟು. ಒಂದು ವರ್ಷ ನಾನು ಅವಳಿಗೆ ಕವರಲ್ಲಿ ಹಾಕಿ ಕಳಿಸಿದೆ. ತಲುಪುವಾಗ ಹೂ ಬಾಡಿತ್ತು, ಗರಿಕೆ ಮಾತ್ರ ಹಸಿರು. ಅವಳು ಫೋನ್ ಮಾಡಿ ಅತ್ತಳು. ಮರುವರ್ಷ ಬಸ್ಸು ಹತ್ತಿ ಬಂದಳು. "ಚೂಡಿ ಕಟ್ಲಿಕ್ಕೆ ಹೋಗ್ತೇನೆ" ಅಂದ್ರೆ ಮನೆಯಲ್ಲಿ ಯಾರು ಬೇಡ ಅಂತಾರೆ?

ಈಗ ಶ್ರಾವಣದಲ್ಲಿ ಎರಡು ದಿನ ಅವಳು ಇಲ್ಲಿ, ಒಂದು ದಿನ ನಾನು ಅಲ್ಲಿ. ರಥಬೀದಿಯಲ್ಲಿ ಕಟ್ಟಿದ ಚೂಡಿಯೇ ಮಾರ್ಲಿಕ್ಕೆ ಇಡ್ತಾರೆ, ಐದು ನಿಮಿಷದ ಕೆಲಸ. ನಾವು ಕೊಳ್ಳುವುದಿಲ್ಲ. ಬೇಕೂಂತಲೇ ನಿಧಾನ ಕಟ್ತೇವೆ.

ನೀವು ಬಂದರು ಬದಿಯವರ ಪ್ರಶ್ನೆಗೆ ಉತ್ತರ ಕೊಡ್ಲಿಲ್ಲ.

---

ಕುಡ್ಲ ಟು ಶಾರ್ಜಾ
ಸೋಮವಾರ ರಾತ್ರಿ 9.10

ಮಂಗಳೂರು-ಉಡುಪಿ ಅರವತ್ತು ಕಿಲೋಮೀಟರ್ ಕೂಡ ಇಲ್ಲದ್ದಕ್ಕೆ ಇಷ್ಟು ಗೋಳಾ? ನಾನು ಇಲ್ಲಿ 14 ವರ್ಷದಿಂದ ಇದ್ದೇನೆ. ಮೊದಲು ನನಗೆ ಶುಕ್ರವಾರ ರಜೆ, ಊರಲ್ಲಿ ದೋಸ್ತಿಗೆ ಅಂಗಡಿ ಭಾನುವಾರ ಬಂದ್. ಹೊಂದುತ್ತಲೇ ಇರ್ಲಿಲ್ಲ. 2022ರ ಜನವರಿಯಿಂದ ಯುಎಇಯಲ್ಲಿ ವಾರದ ರಜೆ ಶನಿವಾರ-ಭಾನುವಾರಕ್ಕೆ ಬಂತು. ಆವತ್ತಿಂದ ನಮಗೂ ಒಂದೇ ಭಾನುವಾರ.

ಇಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ. ಹಾಗಾಗಿ ವಾಯ್ಸ್ ಕಳಿಸುವುದು. ನಾನು ಬಟ್ಟೆ ಇಸ್ತ್ರಿ ಹಾಕ್ತಾ ಹತ್ತು ನಿಮಿಷ ಮಾತಾಡಿ ಕಳಿಸ್ತೇನೆ, ಅವ ಅಂಗಳ ಗುಡಿಸ್ತಾ ವಾಪಸ್ ಕಳಿಸ್ತಾನೆ. ವಿಷಯ ಏನೂ ಇರುವುದಿಲ್ಲ. ಒಮ್ಮೆ ಅವನ ಮಾತಿನ ಹಿಂದೆ ಮೀನಿನ ಸ್ಕೂಟರಿನವನ ಹಾರ್ನ್ ಕೇಳಿತು. ಅವ ಮಾತು ನಿಲ್ಲಿಸಿ "ಬಂಗುಡೆ ಎಷ್ಟು?" ಅಂತ ಕೇಳಿದ್ದೂ ರೆಕಾರ್ಡ್ ಆಗಿತ್ತು. ಅದನ್ನು ಮಾತ್ರ ನಾಲ್ಕು ಸಲ ಕೇಳಿದೆ.

---

ಗಂಗೊಳ್ಳಿ ಮಾಣಿ
ಸೋಮವಾರ ರಾತ್ರಿ 9.44

ಹ್ವಾಯ್, ಇಷ್ಟೆಲ್ಲ ಲೆಕ್ಕ ಎಂತಕ್ಕೆ ಮಾರಾಯ್ರೆ? ಹ್ವಾಪ್ದ್, ಕೂಕಂಬ್ದ್, ಬಪ್ದ್ (ಹೋಗುವುದು, ಕೂರುವುದು, ಬರುವುದು). ಅಷ್ಟೇ.

---

ತಲಪಾಡಿ ಗಡಿ
ಸೋಮವಾರ ರಾತ್ರಿ 10.30

ಎಲ್ಲರೂ ಒಂದೇ ಕಡೆ ಮಾತಾಡ್ತಿದ್ದೀರಿ, ನಾನು ಬೇರೆ ಹೇಳ್ತೇನೆ. ಎಲ್ಲ ದೋಸ್ತಿಯನ್ನೂ ಎಳೆದು ಎಳೆದು ಉಳಿಸಬೇಕು ಅಂತ ಏನಿಲ್ಲ. ನನ್ನ ಒಬ್ಬನೊಟ್ಟಿಗೆ ನಾನು ಆರು ವರ್ಷ ಎಳೆದೆ. ಪ್ರತಿ ಸಲ ನಾನೇ ಫೋನ್, ನಾನೇ ಗಾಡಿ, ನಾನೇ ಬಿಲ್ಲು. ಒಂದು ದಿನ ನಿಲ್ಲಿಸಿದೆ. ಅವನಿಗೆ ಗೊತ್ತೇ ಆಗ್ಲಿಲ್ಲ. ರೂಮು ಹಂಚಿಕೊಂಡ ಕಾಲಕ್ಕೆ ಆ ದೋಸ್ತಿ ಸರಿ ಇತ್ತು, ಮುಗೀತು. ಈಗ ಸಂಜೆ ಮೈದಾನದಲ್ಲಿ ವಾಲಿಬಾಲ್ ಆಡುವವರೇ ನನ್ನ ಜನ, ಅವರಲ್ಲಿ ಇಬ್ಬರ ಪೂರ್ತಿ ಹೆಸರು ನನಗೆ ಗೊತ್ತಿಲ್ಲ.

---

ಚೌಕಿ ಅಜ್ಜ
ಮಂಗಳವಾರ ಬೆಳಿಗ್ಗೆ 5.50

ತಲಪಾಡಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಮುಗಿದದ್ದಕ್ಕೆ ಬೇಜಾರು ಆಗುವುದಿಲ್ಲ. ಇವರಿಗೆ ಟೋಲಿನ ಬುಡದಲ್ಲಿ ಬೇಜಾರಾಗಿದೆ, ಅಂದ್ರೆ ಮುಗಿದಿಲ್ಲ.

ನನಗೆ 69. ನನ್ನ ಸ್ನೇಹಿತ ಕಾರ್ಕಳದ ಬದಿಯವರು. ನಮ್ಮದು ಒಂದೇ ನಿಯಮ. ಯಕ್ಷಗಾನ ಮೇಳ ಹೊರಟ ಮೇಲೆ, ಪತ್ತನಾಜೆಗೆ ಮೊದಲು, ಎಲ್ಲಿಯಾದರೂ ಒಂದು ಆಟ ಒಟ್ಟಿಗೆ ನೋಡಬೇಕು. ಪತ್ತನಾಜೆ ಅಂದ್ರೆ ತುಳುವಿನ ಬೇಶ ತಿಂಗಳ ಹತ್ತಕ್ಕೆ ಗೆಜ್ಜೆ ಬಿಚ್ಚುತ್ತಾರಲ್ಲ, ಅದು ನಮಗೂ ಕಡೆಯ ದಿನ. ಮೊದಲು ಚೌಕಿ ಪೂಜೆಯಿಂದ ಮಂಗಳದವರೆಗೆ ಚಾಪೆಯಲ್ಲಿ ಕೂರ್ತಾ ಇದ್ದೆವು. ಈಗ ಇಬ್ಬರಿಗೂ ಮೊಣಗಂಟು, ಕಾಲಮಿತಿಯ ಆಟ, ಪ್ಲಾಸ್ಟಿಕ್ ಕುರ್ಚಿ. ಒಂದು ವರ್ಷವೂ ತಪ್ಪಿಲ್ಲ ಅಂತ ಹೇಳಿದರೆ ಸುಳ್ಳಾದೀತು, ಎರಡು ಸಲ ತಪ್ಪಿದೆ. ಒಂದು ಸಲ ಕೊರೋನ. ಇನ್ನೊಂದು ಸಲ ನಾವು ಮಾತು ಬಿಟ್ಟಿದ್ದೆವು, ಕಾರಣ ಬೇಡ.

ಈಗ ತುಳುವಿನ ಆಟಿ ತಿಂಗಳು ಬಂತು. ಹಿಂದೆ ಆಟಿಯಲ್ಲಿ ಗದ್ದೆ ಕೆಲಸ ಮುಗಿದು, ಮಳೆಗೆ ಹೊರಗೆ ಹೋಗಲಿಕ್ಕಿಲ್ಲದೆ ಚೆನ್ನೆಮಣೆ ಆಡ್ತಿದ್ದರು. 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಅಕ್ಕ-ತಂಗಿ ಆಡಬಾರದು, ಗಂಡ-ಹೆಂಡತಿ ಆಡಬಾರದು ಅಂತ ಹಿರಿಯರು ಹೇಳ್ತಿದ್ದರು. ಹಾಗಾದರೆ ಯಾರೊಟ್ಟಿಗೆ ಆಡುವುದು? ನೆರೆಮನೆಗೆ ಹೋಗಿ ಒಬ್ಬರನ್ನು ಕರಕೊಂಡು ಬರಲೇಬೇಕು. ನಿಯಮ ಮಾಡಿದವರು ಅದಕ್ಕೇ ಮಾಡಿದರೋ ಗೊತ್ತಿಲ್ಲ, ನನಗಂತೂ ಹಾಗೆ ಕಾಣ್ತದೆ.

---

ಬಿಜೈ ರೂಮಿನವ
ಮಂಗಳವಾರ ರಾತ್ರಿ 11.50

ಎರಡು ದಿನ ಬರೆಯೋದಾ ಬೇಡವಾ ಅಂತ ಇದ್ದೆ.

ಲೇವಾದೇವಿ ಉಂಟು. 2021ರಲ್ಲಿ ಎರಡನೇ ಲಾಕ್‌ಡೌನ್ ಹೊತ್ತಿಗೆ ನನಗೆ ಎರಡು ತಿಂಗಳು ಸಂಬಳ ಆಗ್ಲಿಲ್ಲ. ಅವ 35 ಸಾವಿರ ಕೊಟ್ಟ. ನಾನು ಕೇಳಿದ್ದಲ್ಲ, ಅವನೇ ಅಕೌಂಟಿಗೆ ಹಾಕಿ ಆಮೇಲೆ ಫೋನ್ ಮಾಡಿದ. "ಆದಾಗ ಕೊಡು" ಅಂದ. ಮರುವರ್ಷ ಕೊಡಬಹುದಿತ್ತು, ಮಗಳ ಸ್ಕೂಲ್ ಫೀಸು ಬಂತು. ಅದರ ಮರುವರ್ಷ ಮನೆಯ ಮಾಡು ರಿಪೇರಿ. ಅವ ಒಂದು ದಿನವೂ ಕೇಳ್ಲಿಲ್ಲ. ಅವನಿಗೆ ಅದು ದೊಡ್ಡದಲ್ಲ, ಮರೆತಿದ್ದಾನೆ ಅಂತ ನಾನೇ ಅಂದುಕೊಂಡೆ. ಅವ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನಿನ ಲೆಕ್ಕ ಕೂಡ ಬರೆದಿಡುವ ಜನ. ಮರೆತಿರ್ಲಿಕ್ಕಿಲ್ಲ.

---

ಚೌಕಿ ಅಜ್ಜ
ಬುಧವಾರ ಬೆಳಿಗ್ಗೆ 5.45

ಈಗ ಗಂಟು ಸಿಕ್ಕಿತು. ತಾನು ಫೋನ್ ಮಾಡಿದರೆ ದುಡ್ಡು ಕೇಳಲಿಕ್ಕೆ ಮಾಡಿದ ಹಾಗೆ ಆದೀತು ಅಂತ ಅವ ಮಾಡುವುದಿಲ್ಲ. ನೀವು ಮಾಡಿದರೆ ಅವನಿಗೆ ನೆನಪಾದೀತು ಅಂತ ನೀವು ಮಾಡುವುದಿಲ್ಲ. ಕೊಟ್ಟವನಿಗೂ ತಗೊಂಡವನಿಗೂ ನಾಚಿಕೆ. ಮಗಾ, ಮೊದಲು ಅದನ್ನು ತೆಗೆ.

---

ತಲಪಾಡಿ ಗಡಿ
ಬುಧವಾರ ಬೆಳಿಗ್ಗೆ 8.20

ನಾನು ಬರೆದದ್ದು ವಾಪಸ್ ತಗೊಳ್ತೇನೆ. ನಿಮ್ಮ ಕೇಸ್ ಬೇರೆ. ಕೈಗೆ ಕೊಂಡು ಹೋಗಿ ಕೊಡಿ, ಫೋನಲ್ಲಿ ಹಾಕಬೇಡಿ. 35 ಸಾವಿರ ಫೋನಿಗೆ ಟಿಂಗ್ ಅಂತ ಬಂದ್ರೆ ಲೆಕ್ಕ ಚುಕ್ತಾ, ವ್ಯವಹಾರ ಮುಗೀತು ಅಂದ ಹಾಗೆ.

---

ರಥಬೀದಿ ಅಕ್ಕ
ಬುಧವಾರ ಬೆಳಿಗ್ಗೆ 11.00

ನಾನು ಒಪ್ಪುವುದಿಲ್ಲ. ಕವರ್ ಹಿಡ್ಕೊಂಡು ಹೋದ್ರೆ ಅಲ್ಲಿ ಒಂದು ನಾಟಕ ಆಗ್ತದೆ. ಅವರು ಬೇಡ ಅನ್ನಬೇಕು, ನೀವು ಇಲ್ಲ ತಗೊಳ್ಳಿ ಅನ್ನಬೇಕು, ಅವರ ಹೆಂಡತಿ ಬಾಗಿಲಲ್ಲಿ ನಿಂತು ನೋಡಬೇಕು. ಮೊದಲೇ ಆದಷ್ಟು ಹಾಕಿಬಿಡಿ, ಬಾಕಿ ಎಷ್ಟು ಅಂತ ನೀವೇ ಬರೀರಿ. ಆಮೇಲೆ ಬರಿಗೈಯಲ್ಲಿ ಹೋಗಿ. ಹೋಗುವಾಗ ಹಣದ ಮಾತು ನಿಮ್ಮೊಟ್ಟಿಗೆ ಬರಬಾರದು. ದಿನ ಹೇಳಿ ಹೋಗಿ. "ಒಂದು ದಿನ ಬರ್ತೇನೆ" ಬೇಡ, ಅದು 18ನೇ "ಸಿಗುವ" ಆಗ್ತದೆ.

---

ಬಂದರು ಬದಿ
ಜುಲೈ 31, ರಾತ್ರಿ 8.00

ಎಂತ ಆಯ್ತು ಅಂತ ಬರೀರಿ. ಬಂದ್ ಇವತ್ತಿಗೆ ಮುಗೀತು, ಇನ್ನು ಬೋಟ್ ಇಳಿದ ಮೇಲೆ ನೆಟ್‌ವರ್ಕ್ ಸಿಗುವುದು ದಡದಲ್ಲಿ ಮಾತ್ರ. ನಮ್ಮದು ಬಲೆ ರೆಡಿ. ಅವನ ಹೆಂಡತಿಯ ಆಪರೇಶನ್ ಆಯ್ತು, ಹುಷಾರಿದ್ದಾರೆ.

---

ಬಿಜೈ ರೂಮಿನವ
ಆಗಸ್ಟ್, ಭಾನುವಾರ ರಾತ್ರಿ 9.30

ಹೋಗಿ ಬಂದೆ.

ಬುಧವಾರ 10 ಸಾವಿರ ಹಾಕಿದೆ. "ಬಾಕಿ 25. ತಡ ಆಯ್ತು, ನನ್ನದೇ ತಪ್ಪು. ಭಾನುವಾರ ಬೆಳಿಗ್ಗೆ 10ಕ್ಕೆ ಬರ್ತೇನೆ" ಅಂತ ಬರೆದೆ. ಎರಡು ನೀಲಿ ಗೆರೆ ಬಂತು. ಉತ್ತರ ಇಲ್ಲ. ಎರಡು ಗಂಟೆ ಆದ ಮೇಲೆ ಒಂದು ಹೆಬ್ಬೆರಳು ಮಾತ್ರ. ಆ ಹೆಬ್ಬೆರಳಿಗೆ ಎಂತ ಅರ್ಥ ಅಂತ ನಾಲ್ಕು ದಿನ ತಲೆ ಕೆಡಿಸಿಕೊಂಡೆ.

ಇವತ್ತು ಹೋದೆ. ಭಾನುವಾರ ಅಂಗಡಿ ಬಂದ್ ಅಲ್ವಾ, ಮನೆಯಲ್ಲಿ ಕೂತು ಮಾತಾಡುವುದು ಅಂತ ಶರ್ಟ್ ಇಸ್ತ್ರಿ ಹಾಕಿ ಹೋಗಿದ್ದೆ. ಅವ ಗೇಟಲ್ಲೇ ಟೂಲ್ ಬ್ಯಾಗ್ ಹಿಡಿದು ನಿಂತಿದ್ದ. "ಒಂದು ಮನೆಯಲ್ಲಿ ಇನ್ವರ್ಟರ್ ಹೋಗಿದೆ, ಮುದುಕರು ಇಬ್ಬರೇ ಇರುವುದು. ಬಾ" ಅಂದ. ಹಣದ ಮಾತಿಲ್ಲ, ಕುಶಲ ಇಲ್ಲ, ಕೂತ್ಕೋ ಅಂತ ಕೂಡ ಇಲ್ಲ. ಹೋಗಿ ನೋಡಿದ್ರೆ ಬ್ಯಾಟರಿ ಇಟ್ಟದ್ದು ಮೆಟ್ಟಿಲ ಕೆಳಗಿನ ಗೂಡಲ್ಲಿ. ಅವ ಒಳಗೆ ನುಗ್ಗಿದ. ನನ್ನ ಕೈಗೆ ಟಾರ್ಚ್ ಕೊಟ್ಟ. "ಸರಿ ಹಿಡಿ ಮಾರಾಯ, ನನ್ನ ಮೂಗಿಗೆ ಯಾಕೆ ಬಿಡ್ತಿ?" ಟರ್ಮಿನಲ್ಲಿಗೆ ಹಸಿರು ಕಿಲುಬು ಹಿಡಿದಿತ್ತು. ಬಿಸಿನೀರು ಹಾಕಿ ಉಜ್ಜಿದ, ವ್ಯಾಸಲೀನ್ ಹಚ್ಚಿದ. ಎಲ್ಲಾ ಮುಗಿಯುವಾಗ ಒಂದೂವರೆ ಗಂಟೆ. ಆ ಅಜ್ಜಿ ಬನ್ಸ್ ಕೊಟ್ಟರು.

ವಾಪಸ್ ಬರುವಾಗ ನಾನೇ ಸುರು ಮಾಡಿದೆ. "ಬಾಕಿದ್ದು ದೀಪಾವಳಿಯೊಳಗೆ ಒಟ್ಟಿಗೆ ಕೊಡ್ತೇನೆ."

ಅವ ರಸ್ತೆ ನೋಡ್ತಾ ಹೇಳಿದ, "ಒಟ್ಟಿಗೆ ಬೇಡ. ತಿಂಗಳಿಗೆ ಒಂದು ಸಾವಿರ ಕೊಡು. ಫೋನಲ್ಲಿ ಹಾಕಿದ್ರೆ ವಾಪಸ್ ಹಾಕ್ತೇನೆ. ತಂದು ಕೊಡು."

ಎರಡನೇ ಭಾನುವಾರ ಅಂತ ಆಯ್ತು.

---

ಮೂರನೇ ಬೆಂಚ್
ರಾತ್ರಿ 9.41

25 ತಿಂಗಳು. ಒಂದು ಭೇಟಿಗೆ ನಾಲ್ಕು ಗಂಟೆ ಹಿಡಿದ್ರೆ 100 ಗಂಟೆ.

---

ಗಡ್‌ಬಡ್
ರಾತ್ರಿ 9.43

ನಡುವಲ್ಲಿ ಕಷ್ಟ ಉಂಟು ಅಂತ ಹೇಳಿ 500ಕ್ಕೆ ಇಳಿಸಿ. 50 ತಿಂಗಳು ಬರ್ತದೆ.

---

ರಥಬೀದಿ ಅಕ್ಕ
ರಾತ್ರಿ 10.15

ಅವರ ಹೆಂಡತಿಯನ್ನು ಮಾತಾಡಿಸಿದ್ರಾ? ಮುಂದಿನ ಸಲ ನಿಮ್ಮ ಮನೆಯವರನ್ನೂ ಕರ್ಕೊಂಡು ಹೋಗಿ. ಇಲ್ಲದಿದ್ರೆ ಪ್ರತಿ ಎರಡನೇ ಭಾನುವಾರ ಮನೆಯಲ್ಲಿ ಮಕ್ಕಳನ್ನು ನೋಡ್ಕೊಳ್ಳುವವರು ಯಾರು ಅಂತ ಅವರೂ ಎಲ್ಲಾದ್ರೂ ಬರೀಬಹುದು.

ನನಗೆ ಶುಕ್ರವಾರ ಗೆಳತಿ ಬರ್ತಾಳೆ, ಗರಿಕೆ ಕೊಯ್ಯಬೇಕು.

---

ಬಿಜೈ ರೂಮಿನವ
ರಾತ್ರಿ 10.22

ಕೇಳಿದೆ ಅಕ್ಕ. ಟಾರ್ಚ್ ಹಿಡಿಲಿಕ್ಕೆ ಇಬ್ಬರು ಬೇಡ, ನೀವೇ ಹೋಗಿ, ಬರುವಾಗ ಉಡುಪಿಯಿಂದ ಮಟ್ಟು ಗುಳ್ಳ ಬದನೆ ತನ್ನಿ ಅಂದಳು.